ಬದನೆ ಸಸಿ ಸುಟ್ಟ ನೀರು

ಕಸ್ತೂರಿ ಒಂದು ಹಿಡಿ ಬದನೆ ಸಸಿಗಳನ್ನು ನನ್ನ ಮುಖದ ಮುಂದೆ ಹಿಡಿದು ನಿಂತಿದ್ದಳು. ಎಲೆಗಳ ಅಂಚುಗಳೆಲ್ಲ ಸುಟ್ಟು ಬಿಳಿಚಿದ್ದವು.

“ಇದು ನಿನ್ನ ಪುಡಿ ಕೆಲಸ, ಹೌದಿಲ್ಲೋ?”

ಹೌದು. ಸೋಲಾಪುರದ ಗಟಾರದ ನೀರು ಹೊಂಡದಲ್ಲಿ ತಿಳಿಯಾದ ಮೇಲೆ ಬ್ಲೀಚಿಂಗ್ ಪುಡಿ ಕಲಸಿ, ಅರ್ಧ ತಾಸು ನಿಲ್ಲಿಸಿ, ಹೊಂಡದ ಬಾಯಿಗಿಟ್ಟ ಹಲಗೆ ಎತ್ತಿ ಹಳ್ಳಕ್ಕೆ ಬಿಡುವುದು ನನ್ನ ಕೆಲಸ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಇನ್ನೇನು ಕೊಡುತ್ತಾರೆ? ಊರಿನ ರೋಗ ಕೊಲ್ಲುವವನು ನಾನು. ಅದೇ ಊರು ನನ್ನ ಕಂಡರೆ ಮೂಗು ಮುಚ್ಚುತ್ತದೆ.

ಹಳ್ಳದ ಕೆಳಗಿನ ಮೊದಲ ಹೊಲ ಅವಳ ಅಪ್ಪ ಶಾಂತಲಿಂಗಪ್ಪನದು. ಮಡಿಗೆ ಹಳ್ಳದ ನೀರು ತಿರುವುವಾಗ ಕಸ್ತೂರಿ ಒಮ್ಮೆ ನನ್ನತ್ತ ನೋಡುತ್ತಾಳೆ; ಸೆರಗು ಸರಿಮಾಡುವ ನೆಪದಲ್ಲಿ ಇನ್ನೊಮ್ಮೆ. ಆ ಇನ್ನೊಂದು ನೋಟಕ್ಕಾಗಿಯೇ ಈ ಕೆಲಸ ಬಿಟ್ಟಿಲ್ಲ.

ಮುನ್ಸಿಪಾಲಿಟಿ ಸಾಹೇಬರು ಅಳತೆ ಹೇಳಿಲ್ಲವೇ ಎಂದು ಕೇಳಿದಳು. ಹೊಂಡಕ್ಕೆ ಒಂದು ಡಬ್ಬಿ ಎಂದೆ. ವಾರದಿಂದ ಎರಡು ಹಾಕುತ್ತಿದ್ದೇನೆ ಎಂದೂ ಒಪ್ಪಿಕೊಂಡೆ.

“ಯಾಕ?”

“ವಳಸಂಗದಾಗ ಕಾಲರಾ ಬಂದದ. ನೀ ದಿನಾ ಈ ನೀರಾಗ ನಿಂದರತಿ.”

ಅವಳ ಸಿಟ್ಟು ಕರಗಲು ಹೊರಟು, ಮತ್ತೆ ಗಟ್ಟಿಯಾಯಿತು. ಅಪ್ಪ ಸಾಹೇಬರಿಗೆ ದೂರು ಹೇಳಲು ಹೊರಟಿದ್ದಾನೆ ಎಂದಳು. ನಾಡಿದ್ದು ಮರವಡೆಯಿಂದ ಗಂಡಿನ ಕಡೆಯವರು ತನ್ನನ್ನು ನೋಡಲು ಬರುತ್ತಾರೆ ಎಂದೂ, ನೆಲ ನೋಡುತ್ತ, ಹೇಳಿದಳು.

ಹಲಗೆ ಮುರಿಯುವಷ್ಟು ಸಿಟ್ಟು ಬಂತು ನನಗೆ. ಯಾರ ಮೇಲೆ, ಗೊತ್ತಿಲ್ಲ.

“ನನ್ನ ಸಲುವಾಗಿ ಗಿಡಾ ಸುಡಾಕ ಬರತದ ನಿನಗ. ನಮ್ಮಪ್ಪನ ಮುಂದ ನಿಂತು ನನ್ನ ಕೇಳಾಕ ಬರೂದಿಲ್ಲ.”

ಆಗಲೇ ಹೊರಡಬೇಕೆನಿಸಿತು. ಆದರೆ ನೀರಿಗೆ ಪುಡಿ ಹಾಕಿ ಹತ್ತು ನಿಮಿಷವಷ್ಟೇ ಆಗಿತ್ತು. ಹಲ್ಲು ಕಚ್ಚಿ ಕೂತೆ. ಅವಳೂ ಒಂದು ಮಾರು ದೂರದಲ್ಲಿ ಕೂತಳು. ನಾನು ನೋಡಿದಾಗ ನೀರು ನೋಡಿದಳು, ನಾನು ನೀರು ನೋಡಿದಾಗ ನನ್ನನ್ನು.

ಅರ್ಧ ತಾಸು ತುಂಬಿದ ಮೇಲೆ ಹಲಗೆ ಎತ್ತಿ, ಓಡುತ್ತಲೇ ಹೋದೆ. ಶಾಂತಲಿಂಗಪ್ಪ ರುಮಾಲು ಸುತ್ತಿಕೊಂಡು ಬದುವಿನ ಮೇಲೆ ಎದುರಾದ.

“ಸಸಿ ಸುಟ್ಟಾಂವ ನಾನ್ರಿ ಕಾಕಾ. ಕಸ್ತೂರೀನ ನನಗ ಕೊಡ್ರಿ.”

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಾರದಿತ್ತು. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹಿಂದೆ ಏದುಸಿರು ಬಿಡುತ್ತ ಬಂದ ಮಗಳನ್ನೂ ನೋಡಿದ.

“ಮೊದಲ ಹೊಸಾ ಬದನಿ ಸಸಿ ಹಚ್ಚಿಕೊಡು,” ಅಂದ. “ಅವು ಚಿಗಿಯೂತನಕ ಬರಬ್ಯಾಡ್ರಿ ಅಂತ ಮರವಡೆಯವರಿಗೆ ಹೇಳಿ ಕಳಸ್ತೀನಿ.”

ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ನನ್ನ ಇಷ್ಟೊಂದು ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಅಲ್ಲೇ ಮಡಿಗೆ ಇಳಿದೆ. ಕಸ್ತೂರಿ ಮಣ್ಣು ಕೆದಕುವ ಕುರ್ಚಿಗಿ ತಂದು ಕೈಗೆ ಕೊಟ್ಟಳು. ಕೊಟ್ಟ ಮೇಲೂ ಅದರ ಹಿಡಿ ಬಿಡಲಿಲ್ಲ.