ಸಂಯಮದಂಡ ಕಲಿಯದ ಪಾಠ

ಸಂಯಮದಂಡದ ತುದಿಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ಎದುರಿಗೆ, ಗದಗಿನ ಬಸ್ ನಿಲ್ದಾಣದ ನಟ್ಟನಡುವೆ, ಅಂಗಿ ಹರಿದುಕೊಂಡ ಕುಡುಕನೊಬ್ಬ ಪೊಲೀಸ್ ಇಲಾಖೆಯ ವಂಶಾವಳಿಯನ್ನೇ ಜಾಲಾಡುತ್ತಿದ್ದ. ದಂಡ ಮಾತ್ರ ತೆಪ್ಪಗಿತ್ತು.

“ಒತ್ತಾಕ ಒಂದ ಗುಂಡಿನೂ ಇಟ್ಟಿಲ್ಲ ನೋಡ್ರಿ ಮೇಡಂ. ನನ್ನ ಮಾತ ಕೇಳೂದಿಲ್ಲ ಇದು, ನಮ್ಮನಿಯಾಕಿ ಹಂಗ,” ಎಂದು ಕೈಯಲ್ಲಿದ್ದ ದಂಡ ತೋರಿಸಿ ನಕ್ಕ ದಫೇದಾರ ರಾಜೇಸಾಬ ನದಾಫ, ಕುಡುಕನ ಹೆಗಲ ಮೇಲೆ ಕೈ ಹಾಕಿ ಚಹಾದಂಗಡಿಗೆ ಕರೆದೊಯ್ದ.

ವಿಜ್ಞಾನಿ ಡಾ. ಮಂದಾಕಿನಿ ಹೊಳ್ಳ ಟಿಪ್ಪಣಿ ಬರೆದುಕೊಂಡರು. ಯಂತ್ರ ಅವರದೇ. ಮನಸ್ಸು ಕದಡಿದವರನ್ನು ಹಿಡಿಯಹೋದ ಪೊಲೀಸರ ಕೈಯಲ್ಲಿ ಒಂದೇ ವರ್ಷ ಆರು ಜನ ಸತ್ತ ಮೇಲೆ ಸರ್ಕಾರ ಅವರಿಗೆ ಒಪ್ಪಿಸಿದ ಕೆಲಸವಿದು. ದಂಡವು ಹತ್ತು ಹೆಜ್ಜೆ ದೂರದಿಂದಲೇ ಎದುರಿನವರ ಎದೆಬಡಿತ, ಉಸಿರು, ಬೆವರು ಎಲ್ಲವನ್ನೂ ಓದುತ್ತದೆ. ದೇಹದ ಈ ಬರಹಕ್ಕೆ ಅವರು ಇಟ್ಟ ಹೆಸರು ದೇಹಲಿಪಿ. ಅಪಾಯವಿಲ್ಲವೆಂದರೆ ಹಸಿರು, ದಂಡಕ್ಕೆ ಬೀಗ. ಅಪಾಯವಿದ್ದರೆ ಕೆಂಪು, ದಂಡ ತಾನಾಗಿಯೇ ವಿದ್ಯುತ್ ಅಲೆ ಎಸೆಯುತ್ತದೆ. ಹೊಡೆಯುವುದು ಬಿಡುವುದು ಇನ್ನು ಯಾರ ಸಿಟ್ಟಿಗೂ ಸೇರಿದ್ದಲ್ಲ. ದಂಡ ಬಳಕೆಗೆ ಬಂದ ಎರಡು ತಿಂಗಳಲ್ಲಿ ಒಬ್ಬರಿಗೂ ಏಟು ಬಿದ್ದಿರಲಿಲ್ಲ.

ಅದೇ ಮಧ್ಯಾಹ್ನ ಬೆಟಗೇರಿಯಿಂದ ಕರೆ ಬಂತು. ದರ್ಜಿ ಫಕ್ಕೀರೇಶ ಮೂರು ದಿನದಿಂದ ಉಂಡಿಲ್ಲ, ಮಲಗಿಲ್ಲ. ಕಿವಿಯಲ್ಲಿ ಯಾರೋ ಮಾತಾಡುತ್ತಾರಂತೆ. ಈಗ ಅಂಗಡಿಯ ಹೊಲಿಗೆ ಯಂತ್ರದ ಹಿಂದೆ ಮುದುಡಿ, ಕತ್ತರಿಯನ್ನು ಎದೆಗವಚಿಕೊಂಡು ಕುಳಿತಿದ್ದಾನೆ. ಬಾಗಿಲಲ್ಲಿ ಅವನ ಅಕ್ಕ ನೀಲವ್ವ.

“ದವಾಖಾನಿಗೆ ಒಯ್ಯಾಕಷ್ಟ ಕರದೇನ್ರಿ ಸಾಹೇಬ್ರ. ಹೊಡೀಬ್ಯಾಡ್ರಿ. ಅಂವ ಇರುವಿಗೂ ದಾರಿ ಬಿಟ್ಟ ನಡಿಯಾಂವ.”

“ಹೆದರಬ್ಯಾಡ ಯಕ್ಕಾ. ಹೊಡಿಯೂದು ಈಗ ನಮ್ಮ ಕೈಯಾಗಿಲ್ಲ. ಇದು ಶ್ಯಾಣೇದೈತಿ, ನಮ್ಮಂಗಲ್ಲ.” ನದಾಫ ದಂಡ ತೋರಿಸಿದ.

ನೀಲವ್ವ ಮಂದಾಕಿನಿಯವರತ್ತ ತಿರುಗಿದಳು. “ಖರೇನ್ರಿ ಬಾಯಾರ?”

“ಖಂಡಿತ ಹೊಡೆಯಲ್ಲಮ್ಮ. ನಾನೇ ಮಾಡಿದ್ದು.”

ಅವಳು ದಾರಿ ಬಿಟ್ಟಳು. ನದಾಫ ಒಳಗೆ ಒಂದು ಹೆಜ್ಜೆ ಇಟ್ಟ. ಫಕ್ಕೀರೇಶ ಕೂಗಲಿಲ್ಲ, ಕತ್ತರಿ ಎತ್ತಲಿಲ್ಲ, ಅಲುಗಲೂ ಇಲ್ಲ.

ದೀಪ ಕೆಂಪಾಯಿತು.

ಫಕ್ಕೀರೇಶ ಗೋಡೆಗೆ ಅಪ್ಪಳಿಸಿ ಬಿದ್ದ. ಬಿದ್ದವನ ಎದೆಬಡಿತ ಇನ್ನಷ್ಟು ಏರಿತು. ದಂಡ ಮತ್ತೊಮ್ಮೆ ಅಲೆ ಎಸೆಯಿತು. ನದಾಫ ಅದನ್ನು ಹೊಸ್ತಿಲಿಗೆ ಬಡಿದು ಮುರಿಯುವಷ್ಟರಲ್ಲಿ ಮೂರನೆಯದೂ ಆಗಿಹೋಗಿತ್ತು. ನಿಂತ ಉಸಿರನ್ನು ಎದೆ ಒತ್ತಿ ಒತ್ತಿ ಮರಳಿ ತಂದವನೂ ಅವನೇ. ನೀಲವ್ವ ಅಳಲಿಲ್ಲ. ಮಂದಾಕಿನಿಯವರ ಮುಖವನ್ನೇ ನೋಡುತ್ತ ನಿಂತಿದ್ದಳು.

ಮರುದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಮಂದಾಕಿನಿ ನದಾಫನ ಪಕ್ಕ ಕುಳಿತರು. ರಾತ್ರಿಯಿಡೀ ದಂಡದ ನೆನಪಿನ ಕೋಶವನ್ನು ಕೆದಕಿದ್ದರು.

“ಅಪಾಯವಿಲ್ಲದ ಹುಚ್ಚು ಹೇಗಿರುತ್ತೆ ಅಂತ ಇದಕ್ಕೆ ಕಲಿಸಿದ್ದು ನಿಮ್ಮ ತರಬೇತಿ ಶಾಲೆಯಲ್ಲಿ. ರೋಗಿಗಳನ್ನು ತರೋದಕ್ಕೆ ಆಗಲ್ಲ ಅಂತ ಕಾನ್‌ಸ್ಟೇಬಲ್‌ಗಳೇ ಪಾತ್ರ ಮಾಡಿದ್ರಿ, ಅಲ್ವಾ?”

“ಹೌದ್ರಿ. ನನಗ ಫಸ್ಟ್ ಪ್ರೈಜ್ ಬಂತು. ಏನ್ ಒದರಾಡಿದ್ದೆ ಅಂತೀರಿ!”

“ಆಗ ನಿಮಗೆ ಹೆದರಿಕೆ ಆಗಿತ್ತಾ?”

“ಹೆದರಿಕಿ ಯಾಕ್ರಿ? ಲಾಠಿ ಹಿಡದ ಬಂದಾಂವ ನಮ್ಮ ಮಲ್ಲ್ಯಾ. ಮುಗದ ಮ್ಯಾಲ ಎಲ್ಲಾರೂ ಕೂಡಿ ಮಿರ್ಚಿ ತಿಂದ್ವಿ…” ಹೇಳುತ್ತಿದ್ದಂತೆಯೇ ಅವನ ದನಿ ಇಳಿಯಿತು.

ಇನ್ನೂರು ಜನ ಹುಚ್ಚರಾಗಿ ನಟಿಸಿದ್ದರು. ಏಟು ಬೀಳುತ್ತದೆಂದು ಒಬ್ಬನೂ ಹೆದರಿರಲಿಲ್ಲ. ಕೂಗಾಟ, ಬೈಗುಳ, ಕುಣಿತ ಎಲ್ಲ ದಂಡಕ್ಕೆ ಪರಿಚಯ. ಖಾಕಿ ಕಂಡು ಮರಗಟ್ಟಿದ ಮನುಷ್ಯನ ದೇಹಲಿಪಿಯನ್ನು ಅದು ನೋಡಿಯೇ ಇರಲಿಲ್ಲ. ಗುರುತಿಲ್ಲದ್ದೆಲ್ಲ ಅಪಾಯ ಎಂಬ ಸೂತ್ರವನ್ನು ಪೊಲೀಸರ ರಕ್ಷಣೆಗೆಂದು ಬರೆದವರು ಸ್ವತಃ ಮಂದಾಕಿನಿ.

ಅಷ್ಟರಲ್ಲಿ ಇಲಾಖೆಯ ಆದೇಶ ಬಂತು. ಮಂದಾಕಿನಿ ಓದಿ ನದಾಫನ ಕೈಗಿತ್ತರು. ದಂಡಕ್ಕೆ ಮರುತರಬೇತಿ ನೀಡುವುದು. ಈ ಬಾರಿ ಭಯವನ್ನೂ ಉತ್ತಮವಾಗಿ ಅಭಿನಯಿಸಬಲ್ಲ ಸಿಬ್ಬಂದಿಯನ್ನು ಕಳುಹಿಸತಕ್ಕದ್ದು. ಪಟ್ಟಿಯ ಮೊದಲ ಹೆಸರು ಬಹುಮಾನ ಪಡೆದ ದಫೇದಾರನದು.

ಕಾಗದ ಹಿಡಿದುಕೊಂಡೇ ನದಾಫ ವಾರ್ಡಿನ ಬಾಗಿಲು ತಳ್ಳಿದ, ಹಿಂದೆಯೇ ಮಂದಾಕಿನಿ. ಫಕ್ಕೀರೇಶನಿಗೆ ಎಚ್ಚರವಾಗಿತ್ತು. ಖಾಕಿ ಕಂಡದ್ದೇ ಅವನ ಕಣ್ಣುಗಳು ನೆಟ್ಟಲ್ಲೇ ನಿಂತವು. ಸಲೈನ್ ನಳಿಕೆಯ ಸಮೇತ ಎರಡೂ ಕೈಗಳನ್ನು ನಿಧಾನವಾಗಿ ತಲೆಯ ಮೇಲೆ ತಂದುಕೊಂಡ. ಹಾಸಿಗೆ ಒದ್ದೆಯಾಯಿತು.

“ಮೇಡಂ,” ಎಂದ ನದಾಫ, ತಿರುಗಿ ನೋಡದೆ, “ಇದನ್ನ ನಾ ಹ್ಯಾಂಗ ಮಾಡಿ ತೋರಸ್ಲಿ?”

ಹಾಸಿಗೆಯ ಪಕ್ಕದಿಂದ ನೀಲವ್ವ ಎದ್ದು ಬಂದಳು. “ಮದ್ಲ ಹೊರಗ ನಡೀರಿ,” ಎಂದು ಇಬ್ಬರ ಮುಖದ ಮೇಲೂ ಬಾಗಿಲು ಹಾಕಿಕೊಂಡಳು.