ಹನ್ನೊಂದನೆಯ ಟೇಕ್

ನಾಲ್ಕನೆಯ ದಿನದ ಮಧ್ಯಾಹ್ನಕ್ಕೆ ಆಲ್ಬಮ್ಮಿನಲ್ಲಿ ಒಂದೇ ಒಂದು ಟ್ಯೂನ್ ಬಾಕಿ ಇತ್ತು. ಅದೇ ವಾದ್ಯತಂಡದ ನಾಲ್ವರ ಪ್ರಾಣ ಹಿಂಡುತ್ತಿತ್ತು.

ಸ್ಯಾಕ್ಸೊಫೋನಿನವನು ಹತ್ತನೆಯ ಬಾರಿ ನುಡಿಸಿ ಮುಗಿಸಿ, ನೋಯುವ ತುಟಿ ಒರೆಸಿಕೊಂಡು ಕುರ್ಚಿಗೆ ಕುಸಿದ. ಕಂಟ್ರೋಲ್ ರೂಮಿನ ಗಾಜಿನ ಈಚೆ, ಹೆಡ್‌ಫೋನ್ ಹಾಕಿಕೊಂಡ ಸೌಂಡ್ ಎಂಜಿನಿಯರ್ ಕಣ್ಣು ಮುಚ್ಚಿಕೊಂಡಳು.

ಆರು ವರ್ಷದ ಹಿಂದಿನವರೆಗೂ ಇವನು ಅವಳ ಗಂಡನಾಗಿದ್ದ. ದೊಡ್ಡ ಜಗಳವೇನೂ ಆಗಿರಲಿಲ್ಲ. ಅವನು ಸಂಗೀತ ಕಛೇರಿಯೆಂದು ಊರೂರು ತಿರುಗಿದ, ಅವಳು ಕಾದಳು. ಕಾದು ಸಾಕಾಗಿ ಒಂದು ದಿನ ಹೋಗುತ್ತೇನೆಂದಳು. ಬೇಡ ಎಂದು ಅವನು ಹೇಳಲಿಲ್ಲ. ಆ ಒಂದು ಮಾತಿಗಾಗಿ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದಳೆಂಬುದು ಅವಳಿಗೆ ಮಾತ್ರ ಗೊತ್ತು.

"ಮೂರನೇ ಟೇಕನ್ನೇ ಇಟ್ಕೊಂಡ್ಬಿಡು," ಎಂದ ಅವನು ಮೈಕಿನಲ್ಲಿ. "ನನ್ನ ಕೈಲಿ ಆಗ್ತಿಲ್ಲ."

"ಮೂರನೇದ್ರಲ್ಲಿ ತಪ್ಪಿಲ್ಲ. ಜೀವಾನೂ ಇಲ್ಲ," ಎಂದಳು.

ಕಾಫಿಯ ಬಿಡುವಿನಲ್ಲಿ ಬೇಸ್ ಗಿಟಾರ್ ನುಡಿಸುವವನು ಅವಳ ಬಳಿ ಬಂದ. ಅವಳ ಸ್ವಂತ ತಮ್ಮ.

"ಭಾವ ಈ ಸ್ಟುಡಿಯೋಗೋಸ್ಕರ ಎಂಟು ತಿಂಗಳು ಕಾದ್ರು, ಗೊತ್ತಾ? ಎಂಜಿನಿಯರ್ ಅಂದ್ರೆ ನೀನೇ ಆಗ್ಬೇಕಂತೆ."

"ಇನ್ನೂ ಭಾವ ಅಂತೀಯಲ್ಲೋ."

"ಬಿಟ್ಟಿದ್ದು ನೀನು, ನಾನಲ್ಲ."

"ನನ್ನ ಹತ್ರ ಅವ್ನು ಹೇಳ್ಬೋದಿತ್ತು."

"ಅವ್ರು ಯಾವತ್ತು ಬಾಯಿ ಬಿಟ್ಟಿದಾರೆ? ಊದೋದಕ್ಕೆ ಬಿಟ್ರೆ?"

ಅವಳಿಗೆ ನಗು ಬಂತು. ಎಲ್ಲರೂ ಮತ್ತೆ ಕುಳಿತ ಮೇಲೆ ರೆಕಾರ್ಡಿಂಗ್ ಶುರು ಮಾಡಿ, ತಾನೂ ಎದ್ದು ಅವರಿದ್ದ ಕೋಣೆಗೆ ಹೋದಳು. ಅವನ ಎದುರಿಗೊಂದು ಸ್ಟೂಲ್ ಎಳೆದುಕೊಂಡಳು.

ಅವನು ದಿಟ್ಟಿಸಿ ನೋಡಿದ. "ಈ ಕನ್ನಡಕ ಯಾವಾಗ ಬಂತು?"

"ನೀನಿಲ್ದಾಗ."

"ಚೆನ್ನಾಗಿದೆ."

"ಸುಮ್ನೆ ನುಡ್ಸು."

ಅವನು ನುಡಿಸಿದ. ಈ ಸಲ ಸ್ವರ ತೀರ ಮೆಲ್ಲಗೆ ಹೊರಟಿತು. ಎರಡು ಕಡೆ ಉಸಿರು ಸಾಲದೆ ನಡುಗಿತು. ಅವನು ಅದನ್ನು ಮುಚ್ಚಿಡಲು ಹೋಗಲಿಲ್ಲ. ಪಿಯಾನೋ ನುಡಿಸುವವನು ತಡೆದು ಅವನಿಗಾಗಿ ಕಾದ. ದಣಿದವನೊಬ್ಬ ಪಕ್ಕದಲ್ಲಿ ಕುಳಿತು ನಿಧಾನಕ್ಕೆ ಎಲ್ಲವನ್ನೂ ಒಪ್ಪಿಕೊಂಡಂತೆ ಕೇಳಿಸಿತು ಅವಳಿಗೆ. ಕನ್ನಡಕ ಮಸುಕಾಯಿತು, ಅವಳು ತೆಗೆದು ಒರೆಸಲಿಲ್ಲ.

ಕೊನೆಯ ಸ್ವರ ಆರಿದ ಮೇಲೂ ಯಾರೂ ಅಲುಗಾಡಲಿಲ್ಲ.

"ಸುಸ್ತಾಗಿದೆ ಕಣೇ," ಎಂದ ಅವನು.

"ನನಗೂ."

"ಅವತ್ತು ಹೋಗ್ಬೇಡ ಅನ್ಬೇಕಿತ್ತು. ಅನ್ಲಿಲ್ಲ." ಅವನು ಉಸಿರು ತೆಗೆದುಕೊಂಡ. "ಈಗ ನಾನು ಮನೆಗೆ ಬರ್ಲಾ?"

"ರೆಕಾರ್ಡಿಂಗ್ ಇನ್ನೂ ನಡೀತಿದೆ."

"ಗೊತ್ತು. ಇರ್ಲಿ. ನಾಳೆ ನಾನು ಹಾಗಂದೇ ಇಲ್ಲ ಅನ್ನೋ ಹಾಗಿಲ್ಲ."

ಅವಳು ಅವನ ಊದಿಕೊಂಡ ತುಟಿಯನ್ನು ನೋಡಿದಳು.

"ಬಾ," ಎಂದಳು. "ಇವತ್ತು ಮಾತು ಬೇಡ. ಊಟ ಮಾಡಿ ಮಲಗೋಣ."

ಹಿಂದೆ ಡ್ರಮ್ಸ್‌ನವನು, ಎಲ್ಲಿ ಸದ್ದಾದೀತೋ ಎಂದು, ಕೋಲುಗಳೆರಡನ್ನೂ ಗಾಳಿಯಲ್ಲೇ ಹಿಡಿದು ಕುಳಿತಿದ್ದ.