ತಲೆಕೆಳಗಾಗಿ ಕಟ್ಟಿದ ಪುಸ್ತಕ

"ಆ ಬಾಗಿಲಿಂದ ಕೈ ತೆಗಿ!"

ಎರಡು ವರ್ಷಗಳಿಂದ ಪಿಸುಮಾತಿಗಿಂತ ಜೋರಾಗಿ ಏನನ್ನೂ ಆಡದಿದ್ದ ಸಣ್ಣ ದೊರೆಸಾನಿಗೆ ತನ್ನ ದನಿ ಕೇಳಿ ತನಗೇ ಗಾಬರಿಯಾಯಿತು.

ಬೀಗ ಹಾಕಿದ ಬಾಗಿಲಿಗೆ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದವನು ಬೆಚ್ಚಿ ಹಿಂದೆ ಸರಿದ. ಎತ್ತರದ ಆಳು, ಅಗಲ ಭುಜ, ಕಂಕುಳಲ್ಲೊಂದು ಮರದ ಪೆಟ್ಟಿಗೆ.

"ಯಾರು ನೀನು?"

"ರಟ್ಟು ಕಟ್ಟೋನು, ಅಮ್ಮಾವ್ರೆ. ಪುಸ್ತಕಕ್ಕೆಲ್ಲ ಹುಳ ಬಿದ್ದಿದೆ, ಬಾ ಅಂತ ಹೇಳಿ ಕಳಿಸಿದ್ರಲ್ಲ..."

"ಪುಸ್ತಕ ಇರೋದು ಈ ಕೋಣೇಲಿ. ಆ ಬಾಗಿಲು ಯಾಕೆ ತಟ್ಟಿದೆ? ಒಳಗಿಂದ ಯಾರಾದ್ರೂ 'ಬಂದೆ' ಅಂತಾರೆ ಅಂದ್ಕೊಂಡ್ಯಾ?"

ಎಷ್ಟೋ ಮಧ್ಯಾಹ್ನ ಅವಳೇ ಆ ಬಾಗಿಲನ್ನು ಹಾಗೆ ತಟ್ಟಿದ್ದಳು. ಒಳಗಿಂದ ಯಾರೂ 'ಬಂದೆ' ಅಂದಿರಲಿಲ್ಲ...

"ಗೆದ್ದಲು ಹಿಡಿದಿದೆಯೇನೋ ಅಂತ ನೋಡ್ದೆ," ಎಂದು ಅವನು ನೆಲ ನೋಡಿದ. ಸುಳ್ಳು ಹೇಳಿ ರೂಢಿಯಿಲ್ಲದವರು ಹಾಗೇ ನೆಲ ನೋಡುತ್ತಾರೆ.

ಅದು ಅವಳ ಗಂಡನ ಕೆಲಸದ ಕೋಣೆ. ಆ ಊರಿನ ನದಿಗೆ ಕಲ್ಲಿನ ಸೇತುವೆ ಕಟ್ಟಿಸುತ್ತಿದ್ದವನು ಅವನೇ, ಮಹಲಿನ ಸಣ್ಣ ದೊರೆ. ಕಟ್ಟುತ್ತಿದ್ದವನು ಎಲ್ಲರೂ 'ಹಿರಿಯ' ಎಂದು ಕರೆಯುತ್ತಿದ್ದ ಕಲ್ಲುಕುಟಿಗ. ಒಂದು ಬೆಳಿಗ್ಗೆ ನಡುವಿನ ಕಮಾನು ಕುಸಿಯಿತು. ಸಣ್ಣ ದೊರೆ, ಹಿರಿಯ, ಮೇಲಿದ್ದ ಇನ್ನೂ ಒಂಬತ್ತು ಮಂದಿ, ಎಲ್ಲರೂ ನೀರುಪಾಲಾದರು.

ಬಿರುಕು ಬಿಟ್ಟ ಕಲ್ಲು ಹಾಕಿಸಿ ಸಣ್ಣ ದೊರೆ ಬಡವರನ್ನು ಕೊಂದ ಅಂತ ಊರು ಉಗುಳಿತು. ಕಲ್ಲು ಗಟ್ಟಿಯಿದೆ ಅಂತ ಕಾಗದಕ್ಕೆ ಗುರುತು ಹಾಕಿ ಕೊಟ್ಟವನೇ ಹಿರಿಯ, ಅವನೇ ಕೊಂದ ಅಂತ ಮಹಲು ಹೇಳಿತು. ಆ ಕಾಗದವನ್ನು ಮಾತ್ರ ಯಾರೂ ನೋಡಿರಲಿಲ್ಲ.

ಅಂದಿನಿಂದ ಮಹಲಿನ ಮೆಟ್ಟಿಲು ಹತ್ತಿದವರಿಲ್ಲ. ಮಾವ ದೊಡ್ಡ ದೊರೆ ತನ್ನ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಇಪ್ಪತ್ತು ಜನ ಕೂರುವ ಮೇಜಿನ ತುದಿಯಲ್ಲಿ ಒಂದೇ ತಟ್ಟೆ. ಎದುರಿನ ಹತ್ತೊಂಬತ್ತು ಖಾಲಿ ಕುರ್ಚಿ ನೋಡುತ್ತ ಅವಳು ಎರಡು ತುತ್ತು ನುಂಗಿ ಏಳುತ್ತಿದ್ದಳು. ಮಾತಿಗೆ ಇದ್ದವಳು ಅಡುಗೆಯ ಅಜ್ಜಿಯೊಬ್ಬಳೇ. ಅವಳಿಗೂ ಕಿವಿ ಮಂದ.

ಆ ಕೋಣೆಯ ಬೀಗದ ಕೈ ದೊರೆಸಾನಿಯ ಸೊಂಟದಲ್ಲಿರುತ್ತಿತ್ತು. ಗಂಡನ ನೆನಪಿಗೆ ಅಂತ ಎಲ್ಲರೂ ಅಂದುಕೊಂಡಿದ್ದರು. ನಿಜ ಬೇರೆಯೇ ಇತ್ತು. ಊರು ಹೇಳುವುದೇ ಸರಿ ಎನ್ನುವಂಥ ಕಾಗದ ಒಳಗೆ ಸಿಕ್ಕಿಬಿಟ್ಟರೆ? ಸತ್ತವನನ್ನು ಇನ್ನೊಮ್ಮೆ ಕಳೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಇನ್ನು ಈ ರಟ್ಟಿನವನ ಗುಟ್ಟು. ದೊರೆಸಾನಿಗೆ ಗೊತ್ತಾಗಲು ಸ್ವಲ್ಪ ದಿನ ಬೇಕು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅವನು ರಟ್ಟು ಕಟ್ಟುವವನೇ ಅಲ್ಲ! ಹಿರಿಯನ ತಮ್ಮ, ಕಲ್ಲುಕುಟಿಗ. ಮಹಲು ಹೇಳಿ ಕಳಿಸಿದ್ದ ರಟ್ಟಿನ ಮುದುಕನ ಕಾಲು ಹಿಡಿದು ಎಂಟು ದಿನದಲ್ಲಿ ಹೊಲಿಗೆ, ಅಂಟು, ರಟ್ಟು ಅಷ್ಟು ಕಲಿತು, ಅವನ ಬದಲು ತಾನು ಬಂದಿದ್ದ. ಸಾಯುವ ಮುಂಚಿನ ಸಂಜೆ ಅಣ್ಣ ಕೈಕಾಲು ತೊಳೆಯುತ್ತ, "ನಾನೂ ಸಣ್ಣ ದೊರೆಯೂ ಒಂದೇ ಕಾಗದಕ್ಕೆ ಗುರುತು ಹಾಕಿದ್ವಿ ಕಣೋ," ಅಂದಿದ್ದ. ಏನು ಕಾಗದ ಅಂತ ತಮ್ಮ ಕೇಳಿರಲಿಲ್ಲ. ಕೇಳದೆ ಹೋದೆನಲ್ಲ ಅಂತ ಎರಡು ವರ್ಷ ನಿದ್ದೆಗೆಟ್ಟಿದ್ದ.

ಮಹಲಿನವರ ಮಾತೇ ನಿಜವಾದರೆ? ಅವನಿಗೂ ಅದೇ ಭಯ.

*

ಮೂರನೆಯ ದಿನ ಅವನು ಮೊದಲ ಪುಸ್ತಕ ಮುಗಿಸಿ ಕೊಟ್ಟ. ಗಂಡ ಪ್ರತಿ ಸಂಜೆ ಗಟ್ಟಿಯಾಗಿ ಓದುತ್ತಿದ್ದ ಪದ್ಯಗಳ ಪುಸ್ತಕ. ಹೊಲಿಗೆ ಅಚ್ಚುಕಟ್ಟು, ರಟ್ಟು ಭದ್ರ. ದೊರೆಸಾನಿ ಕೋಣೆಗೆ ಒಯ್ದು ತೆರೆದಳು.

ಅಕ್ಷರಗಳೆಲ್ಲ ತಲೆಕೆಳಗು!

ಹೆಸರಿನ ಚೀಟಿಯನ್ನು ಹಿಂದಿನ ರಟ್ಟಿಗೆ ಅಂಟಿಸಿದ್ದ. ಮೊದಲ ಪುಟದ ಜಾಗದಲ್ಲಿ ಕೊನೆಯ ಪುಟ, ಅದೂ ಉಲ್ಟಾ!

'ಅಯ್ಯೋ... ಇವನಿಗೆ ಓದೋಕೇ ಬರಲ್ಲ!'

ಅವಳಿಗೆ ನಗು ಬಂತು. ತುಟಿಗೆ ಸೆರಗು ಒತ್ತಿಕೊಂಡರೂ ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅಳು ಬಂತು. ಈ ನಗೆಯನ್ನು ಹಂಚಿಕೊಳ್ಳಬೇಕಾದವನು ಇರಲಿಲ್ಲವಲ್ಲ...

ಅವನನ್ನು ಕರೆದು ಬೈದು ಕಳಿಸಬಹುದಿತ್ತು. ಅವಳು ಕಳಿಸಲಿಲ್ಲ. ಪಕ್ಕದ ಕೋಣೆಯಲ್ಲೊಬ್ಬ ಮನುಷ್ಯ ಕೆಮ್ಮುತ್ತಾನೆ, ಸೀನುತ್ತಾನೆ, ಕತ್ತರಿ ಬೀಳಿಸಿ ತನ್ನನ್ನೇ ಬೈದುಕೊಳ್ಳುತ್ತಾನೆ. ಅಷ್ಟು ಸದ್ದು ಆ ಮನೆಯಲ್ಲಿ ಕೇಳಿ ಎರಡು ವರ್ಷವಾಗಿತ್ತು. ಪುಸ್ತಕವನ್ನು ದಿಂಬಿನಡಿ ಬಚ್ಚಿಟ್ಟು, ಮರುದಿನ ಇನ್ನೊಂದು ಕೊಟ್ಟಳು.

ಆರು ಪುಸ್ತಕದಲ್ಲಿ ನಾಲ್ಕು ತಲೆಕೆಳಗಾದವು. ಎರಡು ಸರಿಯಾಗಿದ್ದದ್ದು ಅವನ ಅದೃಷ್ಟ.

"ಹೊಸ ರಟ್ಟು ಹೇಗಿದೆ, ಅಮ್ಮಾವ್ರೆ?"

"ಇಂಥ ಕೆಲಸ ನಾನು ಎಲ್ಲೂ ನೋಡಿಲ್ಲ."

ಅವನು ಉಬ್ಬಿಹೋದ. ಅವಳು ಕಿಟಕಿಯ ಕಡೆ ತಿರುಗಿ ನಗು ನುಂಗಿದಳು.

ಬರಬರುತ್ತ ಅವಳು ಅಲ್ಲೇ ಕುರ್ಚಿ ಹಾಕಿಕೊಂಡು ಕೂರತೊಡಗಿದಳು. ಅವನಿಗೊಂದು ಚಟವಿತ್ತು. ಏನನ್ನೇ ಎತ್ತುವ ಮುಂಚೆಯೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ. ಮೇಜು, ಕಪಾಟು, ನೀರಿನ ಹೂಜಿ, ಯಾವುದನ್ನೂ ಬಿಡುತ್ತಿರಲಿಲ್ಲ.

"ಏನು ಕೇಳಿಸತ್ತೆ ನಿನಗೆ?"

"ಗಟ್ಟಿ ಇದ್ರೆ ಠಣ್ ಅನ್ನತ್ತೆ. ಒಳಗೆ ಬಿರುಕಿದ್ರೆ ಸದ್ದು ಸತ್ತಿರತ್ತೆ. ಮೇಲಿಂದ ನೋಡಿದ್ರೆ ಎರಡೂ ಒಂದೇ ಥರ."

"ಮನುಷ್ಯರಲ್ಲೂ ಹಾಗೇನಾ?"

ಅವನು ತಲೆಯೆತ್ತಿ ನೋಡಿದ. "ನೀವು ಊಟ ಮಾಡೋವಾಗ ಚಮಚದ ಸದ್ದು ಬಿಟ್ಟು ಬೇರೇನೂ ಕೇಳಲ್ಲ, ಅಮ್ಮಾವ್ರೆ. ನನಗೆ ಇಲ್ಲಿ ಕೂತು ಅದನ್ನ ಕೇಳ್ತಾ ಇರೋಕಾಗಲ್ಲ."

ಆ ದಿನ ಅವಳು ಮೊದಲ ಬಾರಿಗೆ ತಟ್ಟೆ ಖಾಲಿ ಮಾಡಿದಳು. ಅಡುಗೆಯ ಅಜ್ಜಿ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಬೆಕ್ಕು ಬಂದಿತ್ತಾ?" ಅಂದಳು.

*

ಇಪ್ಪತ್ತನೆಯ ದಿನ ಅವನು ನೀರು ತರಲು ಹೋಗಿದ್ದಾಗ ದೊರೆಸಾನಿ ದಾರ ಕತ್ತರಿಸಲು ಕತ್ತರಿ ಹುಡುಕುತ್ತ ಅವನ ಪೆಟ್ಟಿಗೆ ತೆರೆದಳು. ತಳದಲ್ಲಿ ಬಟ್ಟೆ ಸುತ್ತಿದ ಕಲ್ಲುಳಿ ಇತ್ತು. ಹಿಡಿಯ ಮೇಲೆ ಕೆತ್ತಿದ ಮುಕ್ಕೋನ, ಅದರೊಳಗೊಂದು ಅಡ್ಡಗೆರೆ.

ಅವಳು ಉಳಿಯನ್ನು ಬೆಳಕಿಗೆ ಹಿಡಿದಳು.

ಕಲ್ಲುಕುಟಿಗರು ತಾವು ಕೆತ್ತಿದ ಪ್ರತಿ ಕಲ್ಲಿಗೂ ತಮ್ಮ ಮನೆಯ ಗುರುತು ಹಾಕುತ್ತಾರೆ ಅಂತ ಗಂಡನೇ ತೋರಿಸಿದ್ದ. ನದಿಯಲ್ಲಿ ಉಳಿದ ಮುರುಕು ಕಂಬದ ತುಂಬ ಇದೇ ಗುರುತು. ಹಿರಿಯನದು!

"ಅಮ್ಮಾವ್ರೆ..." ಹೊಸಿಲಲ್ಲಿ ಅವನು ನಿಂತಿದ್ದ.

"ಓದೋಕೆ ಬರಲ್ಲ ಅಂತ ಮೂರನೇ ದಿನವೇ ಗೊತ್ತಾಯ್ತು ನನಗೆ. ಹೊಟ್ಟೆಪಾಡಿಗೆ ಸುಳ್ಳು ಹೇಳಿದಾನೆ, ಪಾಪ ಅಂದ್ಕೊಂಡೆ. ನೀನು ಅವನ ಏನಾಗಬೇಕು?"

"ತಮ್ಮ."

"ಆ ಕೋಣೆಗಾಗಿ ಬಂದೆ, ಅಲ್ವಾ? ನನ್ನ ಜೊತೆ ಆಡಿದ ಮಾತು, ನಗು... ಎಲ್ಲ ಒಂದು ಬೀಗಕ್ಕಾಗಿ!"

"ಬಂದಿದ್ದು ಕಾಗದಕ್ಕೇ. ಸುಳ್ಳು ಹೇಳಲ್ಲ. ನನ್ನಣ್ಣ ಅಂಥೋನಲ್ಲ ಅಂತ ತೋರಿಸ್ಬೇಕಿತ್ತು. ಆದ್ರೆ ಆಮೇಲೆ..."

"ನಿನ್ನಣ್ಣ ಅಂಥೋನಲ್ಲ ಅಂದ್ರೆ ನನ್ನ ಗಂಡ ಅಂಥೋರಾ? ಹೊರಡು!"

ಅವನು ಉಳಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದ. ಉದ್ದದ ಪಡಸಾಲೆಯಲ್ಲಿ ಅವನ ಹೆಜ್ಜೆ ಸಣ್ಣದಾಗುತ್ತ ಹೋಗಿ, ನಿಂತಿತು.

ಆಮೇಲಿನ ಮೌನ ಹಳೆಯ ಮೌನದಂತಿರಲಿಲ್ಲ. ಹಳೆಯದು ಅವಳಿಗೆ ಒಗ್ಗಿಹೋಗಿತ್ತು. ಇದು ಮೈಮೇಲೆ ಬಿತ್ತು.

'ಯಾರಿಗೋಸ್ಕರ ಅಳ್ತಿದೀನಿ ನಾನು?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಾಗಿ ನಾಚಿಕೆಯೂ ಆಯಿತು, ಸಂಕಟವೂ ಆಯಿತು.

ಸೊಂಟ ಮುಟ್ಟಿಕೊಂಡಳು. ಬೀಗದ ಕೈ ಇರಲಿಲ್ಲ!

ಕದ್ದನಾ? ಓಡಿಹೋಗಿ ಅವನ ಕೆಲಸದ ಮೇಜು ನೋಡಿದಳು. ಅಲ್ಲೇ ಇತ್ತು. ಮೂರು ದಿನದ ಹಿಂದೆ ಅವಳೇ ಬಿಚ್ಚಿಟ್ಟು ಮರೆತಿದ್ದಳು. ಅಂಟು ತಾಗದಿರಲಿ ಅಂತ ಅವನು ಅದರ ಕೆಳಗೊಂದು ಶುಭ್ರ ಕಾಗದ ಹಾಸಿ, ಮೇಜಿನ ಮೂಲೆಗೆ ಸರಿಸಿಟ್ಟಿದ್ದ.

ಮೂರು ದಿನ! ಅವಳು ಊಟಕ್ಕೆ ಹೋದಾಗೆಲ್ಲ ಅವನು ಇಲ್ಲಿ ಒಬ್ಬನೇ ಇದ್ದ. ಹತ್ತು ಹೆಜ್ಜೆಯಾಚೆ ಬಾಗಿಲು.

ದೊರೆಸಾನಿ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಆ ಹತ್ತು ಹೆಜ್ಜೆ ನಡೆದಳು. ಬಾಗಿಲ ಮುಂದೆ ನಿಂತು, ರೂಢಿಯಂತೆ ಒಮ್ಮೆ ತಟ್ಟಿದಳು. ಯಾರೂ 'ಬಂದೆ' ಅನ್ನಲಿಲ್ಲ.

"ನಾನೇ ಬಂದೆ," ಅಂದಳು. ಬೀಗ ತೆಗೆದಳು.

*

ಮೇಜಿನ ಎರಡನೆಯ ಖಾನೆಯಲ್ಲೇ ಕಾಗದ ಸಿಕ್ಕಿತು. ಅವಳು ಅದನ್ನು ಮಾವನ ಮುಂದೆ ಹಿಡಿದಾಗ ದೊಡ್ಡ ದೊರೆ ಓದಲೂ ಇಲ್ಲ. ಅದರಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು.

"ಎರಡು ವರ್ಷ ನೀವು ಆ ಬೀಗದ ಕೈ ಕೇಳಲೇ ಇಲ್ಲ, ಮಾವ. ಸೊಸೆಯ ದುಃಖಕ್ಕೆ ಮರ್ಯಾದೆ ಕೊಡ್ತಿದೀರಿ ಅಂದ್ಕೊಂಡೆ. ನಾನು ನಿಮ್ಮ ಕಾವಲುಗಾರ್ತಿ ಆಗಿದ್ದೆ!"

ಮುದುಕ ಕಿಟಕಿಯ ಕಡೆ ತಿರುಗಿದ.

"ಅವನು ತಾನೇ ಸೇತುವೆ ಹತ್ತುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ, ಮಗಳೇ. ನನ್ನ ಮಗನ್ನ ನಾನೇ..."

ಅವಳಿಗೆ ಕನಿಕರವಾಯಿತು. ಆದರೂ ಕಾಗದವನ್ನು ಅಲ್ಲಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ, ಎರಡು ವರ್ಷದ ಮೇಲೆ, ಸಣ್ಣ ದೊರೆಸಾನಿ ಮೆಟ್ಟಿಲಿಳಿದು ಊರೊಳಗೆ ನಡೆದಳು. ಕಿಟಕಿಗಳು ಮುಚ್ಚಿಕೊಂಡವು. ಯಾರೋ ಥೂ ಅಂದರು. ಅವಳು ತಲೆ ತಗ್ಗಿಸಲಿಲ್ಲ. ಕಲ್ಲುಕುಟಿಗರ ಅಂಗಳಕ್ಕೆ ಕಾಲಿಟ್ಟಾಗ ಸುತ್ತಿಗೆಗಳು ಒಂದೊಂದಾಗಿ ನಿಂತವು. ಬಿಳಿ ಧೂಳಿನಲ್ಲಿ ಮುಳುಗಿದ್ದ ಅವನು ಎದ್ದು ನಿಂತ.

"ಈ ಗುರುತು ನಿಮ್ಮ ಅಣ್ಣಂದೇನಾ, ನೋಡಿ ಹೇಳಿ," ಅಂದಳು. 'ನೀನು' ಹೋಗಿ 'ನೀವು' ಆಗಿದ್ದನ್ನು ಅವನ ಕಿವಿ ಗುರುತಿಸಿತು.

ಅವನು ಬೆರಳಿನಿಂದ ಮುಕ್ಕೋನವನ್ನು ಮುಟ್ಟಿದ. "ಅಣ್ಣಂದೇ. ಮೇಲೆ ಏನು ಬರೆದಿದೆ?... ಬೇಡ. ಹೇಳ್ಬೇಡಿ. ನನಗೆ ಹೆದರಿಕೆ."

"ನನಗೂ ಇತ್ತು. ಕೇಳಿ."

ಅವಳು ಎಲ್ಲರಿಗೂ ಕೇಳುವಂತೆ ಓದಿದಳು:

"'ನಡುವಿನ ಕಮಾನಿನ ಹದಿನಾಲ್ಕು ಕಲ್ಲುಗಳನ್ನು ನಾವಿಬ್ಬರೂ ತಟ್ಟಿ ನೋಡಿದೆವು. ಸದ್ದು ಸತ್ತಿದೆ. ಇವನ್ನು ತೆಗೆಯುವವರೆಗೆ ಕೆಲಸ ನಿಲ್ಲಿಸಬೇಕೆಂದು ಬೇಡುತ್ತೇವೆ.' ಕೆಳಗೆ ನನ್ನ ಗಂಡನ ರುಜು, ಪಕ್ಕದಲ್ಲಿ ಈ ಗುರುತು. ಅದರ ಕೆಳಗೆ ನನ್ನ ಮಾವ ಬರೆದಿದಾರೆ: 'ನಿಲ್ಲಿಸಕೂಡದು. ಉದ್ಘಾಟನೆಯ ದಿನ ಗೊತ್ತಾಗಿದೆ.'"

ಕೊನೆಯ ಸಾಲು ಪೆನ್ಸಿಲಿನದು, ಗಂಡನ ಕೈಬರಹ.

"'ನಾಳೆ ಬೆಳಿಗ್ಗೆ ನಾನೇ ಹೋಗಿ ಎಲ್ಲರನ್ನೂ ಕೆಳಗಿಳಿಸುತ್ತೇನೆ. ಹಿರಿಯನೂ ಜೊತೆಗೆ ಬರುತ್ತಾನೆ.'"

ಗಂಡನನ್ನು ಅದೇ ಸೇತುವೆಯಲ್ಲಿ ಕಳೆದುಕೊಂಡಿದ್ದ ಹೆಂಗಸೊಬ್ಬಳು ಮುಂದೆ ಬಂದು ದೊರೆಸಾನಿಯ ಕೈ ಹಿಡಿದಳು. ಎರಡು ವರ್ಷದಲ್ಲಿ ದೊರೆಸಾನಿಯ ಕೈ ಹಿಡಿದವರಲ್ಲಿ ಅವಳೇ ಮೊದಲಿಗಳು. ದೊರೆಸಾನಿ ಆ ಧೂಳಿನಲ್ಲೇ ಕುಸಿದು ಕೂತು, ಬಾಯಿಬಿಟ್ಟು ಅತ್ತಳು.

ಅವನೂ ಪಕ್ಕದಲ್ಲಿ ಕೂತ. ಇಬ್ಬರೂ ತಮ್ಮ ತಮ್ಮ ಸತ್ತವರಿಗಾಗಿ ಅತ್ತರು. ಅವರು ಒಟ್ಟಿಗೇ ಹೋದವರು ಅಂತ ಈಗ ಗೊತ್ತಾಗಿತ್ತು.

*

ಅವಳು ಮಹಲಿಗೆ ಮರಳಲಿಲ್ಲ. ಅಡುಗೆಯ ಅಜ್ಜಿಯನ್ನು ಕರೆದುಕೊಂಡು ಕಲ್ಲುಕುಟಿಗರ ಬೀದಿಯಲ್ಲಿ ಎರಡು ಕೋಣೆ ಹಿಡಿದಳು. ಅಲ್ಲೂ ಒಂದೊಂದು ಸಂಜೆ ಒಂಟಿತನ ಬಂದು ಎದುರಿಗೆ ಕೂರುತ್ತಿತ್ತು. ಬೀದಿ ಬದಲಾಯಿಸಿದ ಮಾತ್ರಕ್ಕೆ ಅದು ಬಿಟ್ಟು ಹೋಗುವುದುಂಟೇ?

ಸೇತುವೆಯ ಕಂಬ ಮತ್ತೆ ಏಳತೊಡಗಿದ ತಿಂಗಳು, ಒಂದು ಸಂಜೆ ಬಾಗಿಲ ಮೇಲೆ ಗೆಣ್ಣಿನ ಸದ್ದಾಯಿತು. ಒಂದು ಸಲ, ಮೆಲ್ಲಗೆ.

ಅವಳ ಬಾಯಿಂದ ತಾನಾಗಿ ಹೊರಟಿತು:

"ಬಂದೆ!"

ಹೊರಗೆ ಅವನು ಕೈಕಾಲು ತೊಳೆದು, ತಲೆ ಬಾಚಿ ನಿಂತಿದ್ದ. ಕೂದಲಲ್ಲಿ ಇನ್ನೂ ಕಲ್ಲಿನ ಧೂಳು.

"ಬೀಗದ ಕೈ ಮೂರು ದಿನ ಕಣ್ಮುಂದೆ ಇತ್ತು. ಯಾಕೆ ಮುಟ್ಟಲಿಲ್ಲ?" ಇಷ್ಟು ದಿನ ಕೇಳದೆ ಇಟ್ಟುಕೊಂಡಿದ್ದನ್ನು ಅವಳು ಕೇಳಿಬಿಟ್ಟಳು.

"ಕಾಗದ ಸಿಕ್ಕಿದ್ರೆ ನಾನು ಅಲ್ಲಿಂದ ಹೋಗ್ಬೇಕಾಗಿತ್ತು. ಹೋಗೋಕೆ ಮನಸ್ಸಿರಲಿಲ್ಲ." ಈ ಸಲ ಅವನು ನೆಲ ನೋಡಲಿಲ್ಲ. "ನಿಮ್ಮ ಮೇಲೆ ಪ್ರೀತಿ ಹುಟ್ಟಿತ್ತು. ಅವರನ್ನ ಮರೀರಿ ಅಂತ ನಾನು ಯಾವತ್ತೂ ಕೇಳಲ್ಲ. ನನ್ನಣ್ಣನ ಪಕ್ಕ ನಿಂತವರು ಅವರು."

ಅವಳು ತಿರುಗಿ ಒಳಗೆ ಹೋದಳು. ಅವನ ಮುಖ ಬಾಡಿತು. ಮರಳಿ ಬಂದಾಗ ಅವಳ ಕೈಯಲ್ಲಿ ಪುಸ್ತಕವಿತ್ತು, ಅದೇ ತಲೆಕೆಳಗಾಗಿ ಕಟ್ಟಿದ ಪದ್ಯಗಳ ಪುಸ್ತಕ.

"ಪ್ರತಿ ಸಂಜೆ ಯಾರಾದ್ರೂ ಇದನ್ನ ನನಗೆ ಗಟ್ಟಿಯಾಗಿ ಓದಿ ಹೇಳ್ಬೇಕು. ಒಬ್ಬಳೇ ಓದೋಕೆ ನನಗೆ ಇನ್ನು ಆಗಲ್ಲ," ಎಂದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಕೂತ್ಕೊಳ್ಳಿ. ಕಲಿಸ್ತೀನಿ."

ಅವನು ಹೊಸಿಲ ಮೇಲೆ ಅವಳ ಪಕ್ಕ ಕೂತು, ಎರಡೂ ಕೈಯಲ್ಲಿ ಪುಸ್ತಕ ಹಿಡಿದು, ಬಹಳ ಗಂಭೀರವಾಗಿ ರಟ್ಟು ತೆರೆದ.

"ಮೊದಲು ಅದನ್ನ ತಿರುಗಿಸಿ ಹಿಡೀರಿ..."

"ಓಹ್! ಎಷ್ಟು ದಿನ ಕಲಿಸ್ತೀರಿ ನನಗೆ?"

"ನಿಮಗೆ ಬರೋವರೆಗೂ."

"ನಾನು ತುಂಬಾ ದಡ್ಡ. ಜೀವಮಾನವೇ ಬೇಕಾಗತ್ತೆ."

"ಗೊತ್ತು," ಎಂದು ಅವಳು ಅವನ ಒರಟು ಬೆರಳನ್ನು ಹಿಡಿದು ಮೊದಲ ಅಕ್ಷರದ ಮೇಲಿಟ್ಟಳು. "ಅದಕ್ಕೇ ಒಪ್ಕೊಂಡಿದ್ದು."